ಊರಿನ ಒಲವು ಶುರುವಾಗುವುದು ಪಟ್ಟಿಯಲ್ಲಿ

ಚುನಾವಣೆ ಬಂತೆಂದರೆ ಸಾಗರಕ್ಕೆ ಬಂದ ನೆಂಟರು ಮೊದಲು ಕೇಳುವುದು, ‘ನಿಮ್ಮೂರು ಈ ಸಲ ಯಾರ ಕಡೆ?’ ಒಂದೇ ಮಾತಿನಲ್ಲಿ ಉತ್ತರ ಹೇಳುವಂಥ ಊರಲ್ಲ ಇದು. 1951ರಲ್ಲಿ ಕಾಗೋಡಿನ ಗೇಣಿದಾರರು ಸತ್ಯಾಗ್ರಹಕ್ಕಿಳಿದಾಗ ಬೆಂಬಲಕ್ಕೆ ಬಂದ ರಾಮಮನೋಹರ ಲೋಹಿಯಾ ಬಂಧನಕ್ಕೊಳಗಾದರು. ಮರುವರ್ಷ ಈ ಭಾಗದ ಜನ ಸಮಾಜವಾದಿ ಶಾಂತವೇರಿ ಗೋಪಾಲಗೌಡರನ್ನು ಗೆಲ್ಲಿಸಿದರು. ಕಾಗೋಡು ತಿಮ್ಮಪ್ಪ 1972ರಲ್ಲಿ ಗೆದ್ದದ್ದು ಸಮಾಜವಾದಿಯಾಗಿ, ಮುಂದೆ ಕಾಂಗ್ರೆಸ್ಸಿನಿಂದ. ಬೇಳೂರು ಗೋಪಾಲಕೃಷ್ಣ 2004 ಮತ್ತು 2008ರಲ್ಲಿ ಬಿಜೆಪಿಯಿಂದ ಗೆದ್ದರು, 2023ರಲ್ಲಿ ಕಾಂಗ್ರೆಸ್ಸಿನಿಂದ. ನಡುವೆ 2018ರಲ್ಲಿ ಬಿಜೆಪಿಯ ಹರತಾಳು ಹಾಲಪ್ಪ ಗೆದ್ದಿದ್ದರು. ಇಂಥ ಊರಿಗೆ ಒಂದೇ ಬಣ್ಣ ಬಳಿಯಲು ಹೋಗಬಾರದು.

ಶಾಲೆಯ ಕೆಲಸದ ಜೊತೆಗೆ ಬಿ.ಎಲ್.ಒ. (ಮತಗಟ್ಟೆ ಮಟ್ಟದ ಅಧಿಕಾರಿ) ಆಗಿ ನಾನು ಇಲ್ಲಿನ ಒಂದು ಮತಗಟ್ಟೆಯ ಮತದಾರರ ಪಟ್ಟಿಯನ್ನು ಹಲವು ವರ್ಷ ನೋಡಿಕೊಂಡೆ. ಒಲವು, ಮತಪ್ರಮಾಣ ಎಂಬ ಎರಡು ಮಾತುಗಳ ಬಗ್ಗೆ ನಾನು ಕಲಿತದ್ದೆಲ್ಲ ಮನೆಮನೆಯ ಬಾಗಿಲಲ್ಲಿ ನಿಂತು ಕಲಿತದ್ದು.

ಮೊದಲ ಪಾಠ: ಮತ ಹಾಕದವರೆಲ್ಲ ಸೋಮಾರಿಗಳಲ್ಲ. ಮತದಾನದ ದಿನ ಅಧಿಕಾರಿಗಳ ಮೇಜಿನ ಮೇಲೆ ಎ.ಎಸ್.ಡಿ. ಪಟ್ಟಿ ಎಂಬುದೊಂದು ಇರುತ್ತದೆ. ಗೈರಾದವರು, ಸ್ಥಳ ಬದಲಿಸಿದವರು, ತೀರಿಕೊಂಡವರು ಅದರಲ್ಲಿರುತ್ತಾರೆ. ನಮ್ಮಂಥ ಊರಲ್ಲಿ ಆ ಪಟ್ಟಿ ಉದ್ದವೇ. ಓದು ಮುಗಿಸಿದ ಮಕ್ಕಳು ಬೆಂಗಳೂರಿಗೆ ಹೋಗಿ ವರ್ಷಗಳಾಗಿರುತ್ತವೆ, ಮದುವೆಯಾದ ಮಗಳು ಶಿರಸಿಯಲ್ಲೋ ಹುಬ್ಬಳ್ಳಿಯಲ್ಲೋ ಇರುತ್ತಾಳೆ, ಹೆಸರು ಮಾತ್ರ ತವರಿನಲ್ಲೇ. ಸಾವಿರ ಹೆಸರಿರುವ ಮತಗಟ್ಟೆಯಲ್ಲಿ 720 ಮತ ಬಿದ್ದರೆ ಶೇ. 72 ಎನ್ನುತ್ತೇವೆ. ಆ ಸಾವಿರದಲ್ಲಿ ನೂರು ಜನ ಊರಲ್ಲೇ ಇಲ್ಲ ಎಂದಾದರೆ, ಇದ್ದವರಲ್ಲಿ ಶೇ. 80ರಷ್ಟು ಮಂದಿ ಬಂದಂತಾಯಿತು. 2023ರ ವಿಧಾನಸಭಾ ಚುನಾವಣೆಯಲ್ಲಿ ರಾಜ್ಯದ ಮತಪ್ರಮಾಣ ಸುಮಾರು ಶೇ. 73, ಬೆಂಗಳೂರಿನದು ಅದಕ್ಕಿಂತ ಬಹಳ ಕಡಿಮೆ. ಅಲ್ಲಿ ನೆಲೆಸಿ ಹೆಸರನ್ನು ಇಲ್ಲಿಯೇ ಇಟ್ಟುಕೊಂಡವರು ಆ ಲೆಕ್ಕಕ್ಕೂ ಸಿಗುವುದಿಲ್ಲ, ನಮ್ಮ ಲೆಕ್ಕವನ್ನೂ ಕೆಡಿಸುತ್ತಾರೆ.

ಪಟ್ಟಿ ಸರಿಪಡಿಸುವುದು ಬರೀ ಕಾಗದದ ಕೆಲಸ ಅಂದುಕೊಂಡವರು ಒಮ್ಮೆ ನಮ್ಮ ಜೊತೆ ಬರಬೇಕು. ಯಜಮಾನರು ತೀರಿಕೊಂಡಿದ್ದ ಒಂದು ಮನೆಗೆ ಹೆಸರು ತೆಗೆಯುವ ನಮೂನೆ 7 ಹಿಡಿದು ಹೋಗಿದ್ದೆ. ಆ ಅಮ್ಮ ಕಾಫಿ ಕೊಟ್ಟು, ಪಟ್ಟಿಯಲ್ಲಿದ್ದ ಗಂಡನ ಫೋಟೊವನ್ನು ತುಂಬ ಹೊತ್ತು ನೋಡಿದರು. ‘ರೇಷನ್ ಕಾರ್ಡಿಂದ ತೆಗ್ದಾಯ್ತು, ಬ್ಯಾಂಕಿಂದ ತೆಗ್ದಾಯ್ತು. ಇದ್ರಲ್ಲಾದ್ರೂ ಇರ್ಲಿ ಬಿಡಿ ಮೇಷ್ಟ್ರೇ’ ಎಂದರು. ಅವತ್ತು ಒತ್ತಾಯ ಮಾಡಲಿಲ್ಲ. ಮುಂದಿನ ಸಲ ಹೋದಾಗ ಅವರೇ ಮರಣ ಪ್ರಮಾಣಪತ್ರದ ಜೆರಾಕ್ಸ್ ತೆಗೆದಿಟ್ಟಿದ್ದರು. ಹೆಸರು ತೆಗೆಯುವಾಗ ಈ ತಾಳ್ಮೆ ಬೇಕೇ ಬೇಕು. ಕೇಳದೆ, ನೋಡದೆ, ಯಾರೋ ಹೇಳಿದರೆಂದು ಬದುಕಿರುವವರೊಬ್ಬರ ಹೆಸರು ಹೊಡೆದುಹಾಕುವುದು, ತೀರಿಕೊಂಡ ಹತ್ತು ಜನರ ಹೆಸರು ಪಟ್ಟಿಯಲ್ಲಿ ಉಳಿಯುವುದಕ್ಕಿಂತ ದೊಡ್ಡ ಅನ್ಯಾಯ.

ಎರಡನೆಯ ಪಾಠ ಒಲವಿನದು. ಚಿಕ್ಕ ಊರಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಮನೆತನದ ಹೆಸರು ಹೇಳಿದರೆ ಸಾಕು, ಅದು ಯಾವ ಪಕ್ಷದ ಮನೆ ಎಂದು ಕಟ್ಟೆಯ ಮೇಲೆ ಕೂತವರು ಹೇಳಿಬಿಡುತ್ತಾರೆ. ಪಕ್ಷಗಳ ಕಾರ್ಯಕರ್ತರು ಪಟ್ಟಿಯ ಪ್ರತಿಯಲ್ಲಿ ಗುರುತು ಹಾಕಿಕೊಳ್ಳುತ್ತಾರೆ: ನಮ್ಮವರಿಗೆ ಒಂದು, ಅವರ ಕಡೆಯವರಿಗೆ ಒಂದು, ಗೊತ್ತಿಲ್ಲದವರಿಗೆ ಪ್ರಶ್ನಾರ್ಥಕ ಚಿಹ್ನೆ. ಮತದಾನದ ದಿನ ಮಧ್ಯಾಹ್ನದ ಮೇಲೆ ಆಟೊ ಹೋಗುವುದು ‘ನಮ್ಮವರ’ ಮನೆಗೆ. ‘ಅವರ ಕಡೆಯವರು’ ಎಂದು ಗುರುತು ಬಿದ್ದ ಮನೆಯ ಮುದುಕಿಯನ್ನು ‘ಬನ್ನಿ ಅಮ್ಮ’ ಎಂದು ಕರೆಯುವವರಿಲ್ಲ. ಆ ಗುರುತು ಸರಿಯೇ ಎಂದು ಕೇಳುವವರೂ ಇಲ್ಲ. ಒಂದೇ ಮನೆಯ ಜಗಲಿಯಲ್ಲಿ ಅಪ್ಪ ಒಂದು ಪಕ್ಷ, ಮಗ ಇನ್ನೊಂದು ಪಕ್ಷ ಎಂದು ವಾದ ಮಾಡುವುದನ್ನೂ, ಸೊಸೆ ಇಬ್ಬರಿಗೂ ಹೇಳದೆ ತನ್ನಷ್ಟಕ್ಕೆ ತೀರ್ಮಾನ ಮಾಡಿಕೊಂಡಿರುವುದನ್ನೂ ನಾನು ಕಂಡಿದ್ದೇನೆ. 2023ರಲ್ಲಿ ಕಾಂಗ್ರೆಸ್ಸಿಗೆ 135 ಸ್ಥಾನ ಕೊಟ್ಟ ಇದೇ ರಾಜ್ಯ ಮರುವರ್ಷ ಲೋಕಸಭೆಗೆ ಬಿಜೆಪಿಯಿಂದ 17, ಕಾಂಗ್ರೆಸ್ಸಿನಿಂದ 9 ಜನರನ್ನು ಕಳಿಸಿತು. ಮತದಾರ ಯೋಚಿಸುತ್ತಾನೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಹಾಗಾಗಿ ನಾವು ಊರಿನ ಒಲವು ಎನ್ನುವುದು ನಿಜವಾಗಿ ಸಾಲಿಗೆ ಬಂದು ನಿಂತವರ ಒಲವು. ಯಾರ ಹೆಸರು ಪಟ್ಟಿಯಲ್ಲಿತ್ತು, ಯಾರನ್ನು ಕರೆದರು, ಯಾರಿಗೆ ಕೂಲಿ ಬಿಟ್ಟು ಬರಲು ಆಯಿತು ಎಂಬುದರ ಮೇಲೆ ಅದು ನಿಂತಿದೆ. ಮತದಾನದ ದಿನ ದುಡಿಯುವವರಿಗೆ ಸಂಬಳ ಸಹಿತ ರಜೆ ಕೊಡಬೇಕೆಂದು ಕಾನೂನೇ ಇದೆ. ದಿನಗೂಲಿಯವರಿಗೂ ಅದು ಸಲ್ಲಬೇಕು. ಹೋಟೆಲಿನಲ್ಲಿ ಪಾತ್ರೆ ತೊಳೆಯುವವರಿಗೆ, ಕಟ್ಟಡದ ಕೆಲಸದವರಿಗೆ ಇದನ್ನು ತಿಳಿಸುವವರು ಕಡಿಮೆ.

ಒಂದು ಮತದಿಂದ ಏನಾಗುತ್ತದೆ ಎಂದು ಕೇಳುವವರು ಈಗಲೂ ಇದ್ದಾರೆ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಧ್ರುವನಾರಾಯಣ ಗೆದ್ದದ್ದು ಒಂದೇ ಮತದಿಂದ. 2023ರಲ್ಲಿ ನಮ್ಮ ಮಲೆನಾಡಿನ ಶೃಂಗೇರಿಯಲ್ಲಿ ಅಂತರ 201 ಮತ. ಒಂದು ಮತಗಟ್ಟೆಯ ಎ.ಎಸ್.ಡಿ. ಪಟ್ಟಿಯೇ ಕೆಲವೊಮ್ಮೆ ಅಷ್ಟಿರುತ್ತದೆ.

ಮತದಾನದ ಜಾಗೃತಿ ಜಾಥಾಗಳು ನಡೆಯುವುದು ಚುನಾವಣೆಗೆ ಹದಿನೈದು ದಿನ ಇರುವಾಗ. ಅಷ್ಟರಲ್ಲಿ ಪಟ್ಟಿಯ ಕೆಲಸ ಮುಗಿದಿರುತ್ತದೆ. ಚುನಾವಣೆ ಇಲ್ಲದ ತಿಂಗಳುಗಳಲ್ಲಿ ಈ ಕೆಲಸ ಆಗಬೇಕು. ಹದಿನೆಂಟು ತುಂಬಿದವರಿಗೆ ನಮೂನೆ 6, ಊರು ಬದಲಿಸಿದವರಿಗೆ ನಮೂನೆ 8, ತೀರಿಕೊಂಡವರಿಗೆ ನಮೂನೆ 7. ಗೊತ್ತಾಗದಿದ್ದರೆ 1950ಕ್ಕೆ ಫೋನ್ ಮಾಡಿ. ಈ ವಾರವೇ ನಿಮ್ಮ ಮನೆಯ ಎಲ್ಲರ ಹೆಸರನ್ನೂ ಪಟ್ಟಿಯಲ್ಲಿ ನೋಡಿಕೊಳ್ಳಿ. ಪಕ್ಕದ ಮನೆಯ ಅಜ್ಜಿಯ ಹೆಸರನ್ನೂ ನೋಡಿ, ಅವರ ಪಕ್ಷ ಯಾವುದೆಂದು ಮಾತ್ರ ಕೇಳಬೇಡಿ.