ಮರಿ ಮರಿಯನ್ನು ಕುಕ್ಕಿದರೆ ಮೊದಲು ಕಾವುಗೂಡು ನೋಡಿ

"ಮರಿ ಮರೀನ ತಿನ್ನಾಕತ್ತಾವ್ರೀ!" ನಮ್ಮ ಬನಶಂಕರಿ, ಚೊಳಚಗುಡ್ಡದ ಆಸುಪಾಸಿನಲ್ಲಿ ಒಂದು ದಿನದ ಕೋಳಿಮರಿ ತಂದು ಸಾಕುವವರಿಂದ ಎರಡನೇ ವಾರದ ಹೊತ್ತಿಗೆ ಕೇಳಿಬರುವ ಮಾತು ಇದು. ಬೆಳಿಗ್ಗೆ ಹೋಗಿ ನೋಡಿದರೆ ಒಂದರ ಕಾಲ್ಬೆರಳು ರಕ್ತವಾಗಿದೆ, ಇನ್ನೊಂದರ ಬಾಲದ ಬುಡ ಬೋಳಾಗಿದೆ, ಮತ್ತೊಂದು ಸತ್ತೇ ಹೋಗಿದೆ. ಮರಿ ತರಲು ಹಾಕಿದ ಹಣ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳು ಸಂಘದಿಂದ ಎತ್ತಿದ್ದು. ಹತ್ತಿಪ್ಪತ್ತು ಮರಿ ಹೋದರೆ ಲಾಭ ಹೋಯಿತು. ಅದಕ್ಕೂ ಹೆಚ್ಚಾದರೆ ಕಂತು ಕೈಯಿಂದ ಕಟ್ಟಬೇಕು.

ನಾನು ಹೊಲದ ಜೊತೆಗೆ ವರ್ಷಕ್ಕೆ ಎರಡು ಸಲ ನೂರು ನೂರು ಮರಿ ಬೆಳೆಸುತ್ತೇನೆ. ಕುಕ್ಕಾಟ ಶುರುವಾದ ಮನೆಯವರು ಕರೆದಾಗ ಹೋಗಿ ನೋಡಿಯೂ ಬಂದಿದ್ದೇನೆ. ಹೆಚ್ಚಿನ ಕಡೆ ಕೇಳುವ ಪ್ರಶ್ನೆ ಒಂದೇ: "ಕೊಕ್ಕು ಕತ್ತರಿಸಬೇಕೇನು?" ನನ್ನ ಉತ್ತರವೂ ಒಂದೇ: ಕೊಕ್ಕಿಗೆ ಕೈ ಹಚ್ಚುವ ಮೊದಲು ಗೂಡು ನೋಡಿ.

ತಾಯಿ ಇದ್ದಾಗ ಏಕೆ ಇಲ್ಲ?

ಜವಾರಿ ಕೋಳಿ ಎಂಟು ಹತ್ತು ಮರಿ ಎಬ್ಬಿಸಿಕೊಂಡು ಹಿತ್ತಲಲ್ಲಿ ತಿರುಗುವಾಗ ಮರಿಗಳು ಹೀಗೆ ಒಂದನ್ನೊಂದು ಹರಿದುಕೊಳ್ಳುವುದು ಅಪರೂಪ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಗಿರಿರಾಜ 1989ರಲ್ಲಿ ಬಂತು, 2005ರಲ್ಲಿ ಸ್ವರ್ಣಧಾರಾ ಬಂತು. ಇಂಥ ತಳಿಗಳ ಮರಿ ನಮಗೆ ಡಬ್ಬಿಯಲ್ಲಿ ಬರುತ್ತವೆ, ತಾಯಿ ಜೊತೆಗೆ ಬರುವುದಿಲ್ಲ.

ತಾಯಿ ಮೂರು ಕೆಲಸ ಮಾಡುತ್ತಾಳೆ. ಬೇಕಾದಾಗ ಕಾವು ಕೊಡುತ್ತಾಳೆ; ಸಾಕೆನಿಸಿದ ಮರಿ ರೆಕ್ಕೆಯಿಂದ ಹೊರಗೆ ಬರುತ್ತದೆ. ಕತ್ತಲಾದರೆ ರೆಕ್ಕೆಯಡಿ ಕತ್ತಲಲ್ಲೇ ಮಲಗಿಸುತ್ತಾಳೆ. ಹಗಲು ನೆಲ ಕೆದರಿ "ಇಲ್ಲಿ ಕುಕ್ಕು" ಎಂದು ಕರೆದು ತೋರಿಸುತ್ತಾಳೆ. ಮೂರನೆಯದು ಎಲ್ಲಕ್ಕಿಂತ ದೊಡ್ಡದು. 1980ರ ದಶಕದಲ್ಲಿ ಹಾಲೆಂಡಿನ ಬ್ಲೋಕ್‌ಹೌಸ್ ಎಂಬ ಸಂಶೋಧಕರು, ನೆಲ ಕುಕ್ಕಲು ಸಿಗದಾಗ ಅದೇ ಕುಕ್ಕಾಟ ಪಕ್ಕದ ಕೋಳಿಯ ಪುಕ್ಕದ ಕಡೆಗೆ ತಿರುಗುತ್ತದೆ ಎಂದು ತೋರಿಸಿದರು.

"ಜೋರಿನ ಮರಿ ದರ್ಬಾರು ಮಾಡ್ತೈತಿ" ಎನ್ನುವವರೂ ಇದ್ದಾರೆ. ಕೋಳಿಗಳಲ್ಲಿ ಮೇಲು ಕೀಳಿನ ಸಾಲು ಇರುವುದು ನಿಜ. ನಾರ್ವೆಯ ಶೆಲ್ಡೆರುಪ್-ಎಬ್ಬೆ ಎಂಬುವರು 1920ರ ದಶಕದಲ್ಲೇ ಅದನ್ನು ವಿವರಿಸಿದ್ದರು. ಆದರೆ ಆ ಜಗಳದಲ್ಲಿ ಕುಕ್ಕುವುದು ಹೆಚ್ಚಾಗಿ ತಲೆಗೆ. ಎಳೆಮರಿಗಳು ಕುಕ್ಕುವುದು ಬೆರಳು, ಬಾಲ, ಗುದದ್ವಾರಕ್ಕೆ. ಇದಕ್ಕೆ ಕಾರಣ ಬೇರೆ.

ಕಾವು: ಹೆಚ್ಚಾದರೂ ತೊಂದರೆ

ಮೊದಲ ವಾರ ಮರಿಯ ಮಟ್ಟದಲ್ಲಿ 95 ಡಿಗ್ರಿ ಫ್ಯಾರನ್‌ಹೀಟ್ ಬೇಕು, ಅಂದರೆ 35 ಸೆಲ್ಸಿಯಸ್. ಆಮೇಲೆ ವಾರಕ್ಕೆ 5 ಡಿಗ್ರಿ ಫ್ಯಾರನ್‌ಹೀಟಿನಂತೆ ಇಳಿಸಬೇಕು. ಬನದ ಹುಣ್ಣಿಮೆ ಜಾತ್ರೆ ಹೊತ್ತಿನ ಚಳಿಯಲ್ಲಿ ರಾತ್ರಿಯೆಲ್ಲ ಕಾವು ಬೇಕೇ ಬೇಕು. ಯುಗಾದಿ ದಾಟಿದ ಮೇಲೆ ನಮ್ಮ ಬಾದಾಮಿ ಸೀಮೆಯ ಕಲ್ಲುಗುಡ್ಡ ಕಾದು, ತಗಡಿನ ಶೆಡ್ಡಿನಲ್ಲಿ ಮಧ್ಯಾಹ್ನ ಬಲ್ಬು ಇಲ್ಲದೆಯೇ ಅಷ್ಟು ಕಾವಿರುತ್ತದೆ. ಆಗಲೂ ಬಲ್ಬು ಉರಿಯುತ್ತಿದ್ದರೆ ಮರಿ ಚಡಪಡಿಸಿ ಕುಕ್ಕಾಟಕ್ಕೆ ಇಳಿಯುತ್ತವೆ. ಬೇಸಿಗೆ ಮರಿಗೆ ತಗಡಿಗಿಂತ ಮಣ್ಣಿನ ಮಾಳಿಗೆ ಮನೆಯ ಪಡಸಾಲೆ ಲೇಸು.

ಮಾಪಕ ಇಲ್ಲದಿದ್ದರೆ ಮರಿಯನ್ನೇ ನೋಡ್ರಿ. ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದು ಚೀರುತ್ತಿದ್ದರೆ ಚಳಿ. ಅಂಚಿಗೆ ಸರಿದು ಬಾಯಿ ತೆರೆದು ರೆಕ್ಕೆ ಇಳಿಬಿಟ್ಟಿದ್ದರೆ ಸೆಕೆ. ಎಲ್ಲ ಕಡೆ ಹರಡಿಕೊಂಡಿದ್ದರೆ ಸರಿ. ಬಲ್ಬು ನಡುವೆ ಇದ್ದು ಅಂಚು ತಂಪಾಗಿರಲಿ. ತಾಯಿಯ ರೆಕ್ಕೆಯಿಂದ ಹೊರಬರುವ ಹಾಗೆ ಕಾವಿನಿಂದ ಹೊರಬರಲು ಮರಿಗೆ ದಾರಿ ಬೇಕು.

ಬೆಳಕು: ರಾತ್ರಿಯಿಡೀ ಹಗಲು ಮಾಡಬೇಡಿ

ಈಗ ಅಂಗಡಿಯಲ್ಲಿ ಸಿಗುವುದೆಲ್ಲ ಎಲ್‌ಇಡಿ ಬಲ್ಬು. ಅದು ಕಣ್ಣು ಕುಕ್ಕುವ ಬೆಳಕು ಕೊಡುತ್ತದೆ, ಮರಿಗೆ ಬೇಕಾದ ಕಾವು ಕೊಡುವುದಿಲ್ಲ. ಅದನ್ನೇ ರಾತ್ರಿಯಿಡೀ ಹಚ್ಚಿಟ್ಟರೆ ಚಳಿಯೂ ಉಳಿಯಿತು, ಕುಕ್ಕಾಟಕ್ಕೆ ಹಗಲೂ ಸಿಕ್ಕಿತು. ಕಾವಿಗೆ ಹಳೆಯ ತಂತಿ ಬಲ್ಬು ಇಲ್ಲವೆ ಕಾವಿನ ಬಲ್ಬೇ ಬೇಕು; ಮರಿಗೆ 1ರಿಂದ 2 ವ್ಯಾಟ್ ಲೆಕ್ಕ ಹಿಡಿಯಿರಿ. ಕೆಂಪು ಬಲ್ಬು ಸಿಕ್ಕರೆ ಒಳ್ಳೆಯದು. ಆ ಬೆಳಕಿನಲ್ಲಿ ರಕ್ತ ಎದ್ದು ಕಾಣುವುದಿಲ್ಲ.

ಮೊದಲ ಮೂರ್ನಾಲ್ಕು ದಿನ ಮೇವು ನೀರು ಗುರುತು ಸಿಗಲು ಬೆಳಕು ಚೆನ್ನಾಗಿರಲಿ. ಆಮೇಲೆ ಮಂದ ಮಾಡಿ. ಕರೆಂಟು ಹೋದಾಗ ಇದ್ದಿಲಿನ ಶಿಗಡಿ ಇಡುವವರು ಹೊಗೆ ಆಡಿ ಹೋದ ಕೆಂಡ ಇಟ್ಟು, ಸುತ್ತ ಜಾಳಿಗೆ ಕಟ್ಟಿ, ಮೇಲೆ ಗಾಳಿ ಆಡುವಂತೆ ಕಿಂಡಿ ಬಿಡಬೇಕು. ಬಾಗಿಲು ಕಿಂಡಿ ಎಲ್ಲ ಬಿಗಿದರೆ ಕೆಂಡದ ಗಾಳಿಯೇ ಮರಿಗಳನ್ನು ಕೊಲ್ಲುತ್ತದೆ.

ಜಾಗ: ಲೆಕ್ಕ ಹಾಕಿ

ಮೊದಲ ಎರಡು ಮೂರು ವಾರ ಮರಿಗೆ ಅರ್ಧ ಚದರಡಿ, ಆಮೇಲೆ 1 ಚದರಡಿ. ನೂರು ಮರಿಗೆ 50 ಚದರಡಿ ಎಂದರೆ 8 ಅಡಿ ಅಡ್ಡಳತೆಯ ದುಂಡು ಗೂಡು. ಮೂರು ವಾರದ ನಂತರ ಅದನ್ನು ಹನ್ನೊಂದೂವರೆ ಅಡಿಗೆ ಹಿಗ್ಗಿಸಿ. ಒಂದೂವರೆ ಅಡಿ ಎತ್ತರದ ತಗಡು ಸಾಕು. ದುಂಡಗೇ ಇರಲಿ, ಮೂಲೆ ಇದ್ದರೆ ಸೋತ ಮರಿ ಅಲ್ಲಿ ಸಿಕ್ಕಿಬೀಳುತ್ತದೆ.

ಮೇವಿನ ತಟ್ಟೆಯಲ್ಲಿ ಮೊದಲೆರಡು ವಾರ ಮರಿಗೆ 1 ಅಂಗುಲ, ಆಮೇಲೆ 2 ಅಂಗುಲ ಜಾಗ ಬೇಕು. ಎರಡು ಅಡಿ ಉದ್ದದ ತಟ್ಟೆಗೆ ಎರಡೂ ಬದಿ ಸೇರಿ 48 ಅಂಗುಲ. ಅಂದರೆ ನೂರು ಮರಿಗೆ ಮೊದಲು ಎರಡು ತಟ್ಟೆ, ಮೂರನೇ ವಾರದಿಂದ ನಾಲ್ಕು. ಹತ್ತು ದಿನದ ಮರಿಯೊಳಗೆ ಹೊಸ ಮರಿ ಬಿಡಬೇಡಿ.

ಮೇವು: ನುಚ್ಚು ಸಾಲದು

ಮೂರರಿಂದ ಆರು ವಾರದೊಳಗೆ ಮರಿಗೆ ಪುಕ್ಕ ಬಲಿಯುವ ಕಾಲ. ಹೊಸ ಪುಕ್ಕದ ಬುಡದಲ್ಲಿ ರಕ್ತವಿರುತ್ತದೆ. ಪುಕ್ಕ ಕಟ್ಟಲು ಸಸಾರಜನಕ, ಅದರಲ್ಲೂ ಗಂಧಕ ಇರುವ ಮೆಥಿಯೋನಿನ್ ಬೇಕು. ಅದು ಕಡಿಮೆಯಾದ ಮರಿಗಳಲ್ಲಿ ಪುಕ್ಕ ಕೀಳುವ ಚಾಳಿ ಹೆಚ್ಚು.

ಮರಿ ಮೇವಿನಲ್ಲಿ ನೂರಕ್ಕೆ 20ರಷ್ಟು ಸಸಾರಜನಕ ಇರುತ್ತದೆ. ಬಿಳಿಜೋಳ, ಗೋವಿನಜೋಳದಲ್ಲಿ ಇರುವುದು ಸುಮಾರು 10. ದುಡ್ಡು ಉಳಿಯಲಿ ಎಂದು ಅರ್ಧಕ್ಕರ್ಧ ನುಚ್ಚು ಬೆರೆಸಿದರೆ ಅದು 15ಕ್ಕೆ ಇಳಿಯಿತು. ಹೊಟ್ಟೆ ತುಂಬಿದರೂ ಪುಕ್ಕಕ್ಕೆ ಸಾಲದು. ಉಳಿಸಿದ್ದಕ್ಕಿಂತ ಹೆಚ್ಚು ಸತ್ತ ಮರಿಯಲ್ಲಿ ಹೋಗುತ್ತದೆ. ಮೊದಲ ಆರು ವಾರ ಮರಿ ಮೇವನ್ನೇ ಕೊಡಿ, ನುಚ್ಚು ಆಮೇಲೆ.

ನಮ್ಮಲ್ಲಿ ಶೇಂಗಾ ಹಿಂಡಿ ಕೈಗೆ ಸಿಗುತ್ತದೆ, ಆದರೆ ಅದರಲ್ಲಿ ಮೆಥಿಯೋನಿನ್ ಕಡಿಮೆ, ಬೂಸರು ಹಿಡಿದರೆ ವಿಷ. ಎಳ್ಳಿನ ಹಿಂಡಿ, ಸೂರ್ಯಕಾಂತಿ ಹಿಂಡಿಯಲ್ಲಿ ಅದು ಹೆಚ್ಚು. ಮುಂದೆ ಮನೆಯಲ್ಲೇ ಮೇವು ಕೂಡಿಸುವವರು ಇದನ್ನು ನೆನಪಿಡಿ. ಉಪ್ಪು ಕಡಿಮೆಯಾದರೂ ಕುಕ್ಕಾಟ ಬರುತ್ತದೆ ಎಂಬ ಮಾತು ನಿಜ. ಆದರೆ ಕೊಂಡ ಮೇವಿನಲ್ಲಿ ಉಪ್ಪು ಇದ್ದೇ ಇರುತ್ತದೆ. ನೀರಿಗೆ ಹಿಡಿ ಉಪ್ಪು ಹಾಕುವ ಪದ್ಧತಿ ಬೇಡ. ಎಳೆಮರಿ ಉಪ್ಪಿನಿಂದಲೇ ಸಾಯುತ್ತವೆ.

ಕೊಕ್ಕಿಗೆ ಕೆಲಸ

ಮೇಲಿನದೆಲ್ಲ ಸರಿಯಿದ್ದೂ ಕುಕ್ಕಾಟ ಇದ್ದರೆ ಕೊಕ್ಕು ಖಾಲಿ ಇದೆ ಎಂದು ತಿಳಿಯಿರಿ. ಮೊದಲ ಮೂರ್ನಾಲ್ಕು ದಿನ ಹಾಸಿನ ಮೇಲೆ ಗೋಣಿಚೀಲ ಹಾಸಿದ್ದು ಸರಿ. ಆಮೇಲೆ ಅದನ್ನು ತೆಗೆದು ಶೇಂಗಾ ಸಿಪ್ಪೆ ಇಲ್ಲವೆ ಭತ್ತದ ಹೊಟ್ಟು ಎರಡು ಮೂರು ಅಂಗುಲ ದಪ್ಪ ಇರಲಿ. ಕೆದರಿ ಕುಕ್ಕಲಿ.

ಎರಡನೇ ವಾರದಿಂದ ಹಸಿ ಸೊಪ್ಪು ಕಟ್ಟಿ. ನಾನು ನುಗ್ಗೆ, ಮೆಂತ್ಯ, ರಾಜಗಿರಿ ಸಣ್ಣ ಸೂಡು ಮಾಡಿ ಮರಿ ಕತ್ತು ಚಾಚಿದರೆ ಸಿಗುವ ಎತ್ತರಕ್ಕೆ ತೂಗಬಿಡುತ್ತೇನೆ. ತಟ್ಟೆಯಲ್ಲಿ ಹಾಕಿದರೆ ಗಳಿಗೆಯಲ್ಲಿ ಮುಗಿಯುತ್ತದೆ, ತೂಗಿದರೆ ಅರ್ಧ ದಿನದ ಕೆಲಸ. ಅಮ್ಮನಿಗೆ ಪಲ್ಲೇದ ಹಬ್ಬದಲ್ಲಿ 108 ಬಗೆ ಪಲ್ಲೆ ಏರಿಸುವ ಊರು ನಮ್ಮದು. ಮರಿಗೆ ಒಂದು ಸೂಡು ಸೊಪ್ಪಿಗೆ ಕೊರತೆ ಇಲ್ಲ. ಸೊಪ್ಪು ಅರೆಯಲು ಹೊಳಿ ಉಸುಕಿನ ಸಣ್ಣ ಹರಳು ಒಂದು ಮುಚ್ಚಳದಲ್ಲಿ ಇಡಿ.

ರಕ್ತ ಕಂಡ ಮೇಲೆ

ಒಂದು ಹನಿ ರಕ್ತ ಕಂಡರೂ ಉಳಿದ ಮರಿ ಮುಗಿಬೀಳುತ್ತವೆ. ಆದ್ದರಿಂದ ಅದೇ ಗಳಿಗೆಗೆ:

1. ಗಾಯದ ಮರಿ ತೆಗೆಯಿರಿ. ಗೂಡಿನೊಳಗೇ ಜಾಳಿಗೆ ಬುಟ್ಟಿಯಲ್ಲಿ ಮೇವು ನೀರಿನ ಸಮೇತ ಇಡಿ. ಕಣ್ಣೆದುರು ಇದ್ದರೆ ಮರಳಿ ಬಿಟ್ಟಾಗ ಹೊಸಬನೆಂದು ಕುಕ್ಕುವುದು ಕಡಿಮೆ.

2. ಗಾಯ ತೊಳೆದು ಬೇವಿನ ಎಣ್ಣೆಯಲ್ಲಿ ಅರಿಷಿಣ ಕಲಸಿ ಹಚ್ಚಿ. ಸುಣ್ಣ ಸೇರಿಸಬೇಡಿ, ಅರಿಷಿಣ ಕೆಂಪಾಗಿ ರಕ್ತದಂತೆಯೇ ಕಾಣುತ್ತದೆ.

3. ಹಿಂಭಾಗಕ್ಕೆ ಹಿಕ್ಕೆ ಅಂಟಿದ ಮರಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಒಣಗಿಸಿ. ಕುಕ್ಕಾಟ ಅಲ್ಲಿಂದಲೇ ಶುರುವಾಗುವುದುಂಟು.

4. ಹತ್ತು ನಿಮಿಷ ಸುಮ್ಮನೆ ಕೂತು ನೋಡಿ. ಚಾಳಿ ಹಿಡಿದ ಮರಿ ಮೊದಲಿಗೆ ಒಂದೋ ಎರಡೋ. ಅವನ್ನು ಬೇರೆ ಇಡಿ, ಉಳಿದವು ಕಲಿಯುವ ಮುಂಚೆ.

5. ಸತ್ತದ್ದನ್ನು ಕೂಡಲೇ ತೆಗೆದು ಹೂಳಿ. ಗಾಯವಿಲ್ಲದೆ ಮರಿ ಸಾಯುತ್ತಿದ್ದರೆ, ರಕ್ತದ ಹಿಕ್ಕೆ ಇದ್ದರೆ ಅದು ರೋಗ. ಪಶು ವೈದ್ಯರಿಗೆ ತೋರಿಸಿ.

ಕೊಕ್ಕಿನ ತುದಿ ಸುಡುವುದು ಸಾವಿರಾರು ಕೋಳಿಯ ಫಾರ್ಮಿನ ಪದ್ಧತಿ. ಅಲ್ಲಿ ಕೋಳಿಗೆ ಮೇವು ತಟ್ಟೆಯಲ್ಲೇ ಬರುತ್ತದೆ. ನಮ್ಮ ಕೋಳಿ ನಾಳೆ ಹಿತ್ತಲಿಗೆ, ತಿಪ್ಪೆಗೆ, ಹೊಲದ ಬದುವಿಗೆ ಹೋಗಿ ಹುಳ ಹೆಕ್ಕಬೇಕು, ಹದ್ದು ಬಂದರೆ ಓಡಬೇಕು. ಕೊಕ್ಕು ಅದರ ಕೈ ಇದ್ದಂಗ. ಕೈ ಕಡಿದು ದುಡಿ ಎಂದರೆ ಹೆಂಗ?

ಮುಂದಿನ ಸಲ ಮರಿ ಬರುವ ಹಿಂದಿನ ದಿನವೇ ಗೂಡು ಅಳೆದು, ಬಲ್ಬು ಹಚ್ಚಿ ನೋಡಿ, ಸೊಪ್ಪು ತೂಗಲು ದಾರ ಕಟ್ಟಿಟ್ಟುಕೊಳ್ಳಿ. ದಾರಕ್ಕೆ ಏನೂ ಖರ್ಚಿಲ್ಲ.