ಅರ್ಘ್ಯದ ಚಂದ್ರನೂ ಗಣಕಯಂತ್ರವೂ

ಶ್ರೀಕೃಷ್ಣಾಷ್ಟಮಿಯ ರಾತ್ರಿ ಉಪವಾಸವಿದ್ದು ಚಂದ್ರೋದಯದಲ್ಲಿ ಅರ್ಘ್ಯ ಕೊಡುವುದು ನಮ್ಮ ಮನೆಗಳ ಸಂಪ್ರದಾಯವಷ್ಟೆ. ಹೊಸಹಳ್ಳಿಯ ಮಹಡಿಗಳ ನಡುವೆ ಆ ಚಂದ್ರನು ಎಲ್ಲಿ ಕಾಣುವನು? ಉಚಿತವಾಗಿ ದೊರೆಯುವ ‘ಸ್ಟೆಲೇರಿಯಂ’ ಎಂಬ ತಂತ್ರಾಂಶವನ್ನು ಗಣಕಯಂತ್ರಕ್ಕೆ ಹಾಕಿಕೊಂಡರೆ ಇದನ್ನು ಮೊದಲೇ ನೋಡಿಕೊಳ್ಳಬಹುದು.

ಎಫ್ 6 ಒತ್ತಿ ಬೆಂಗಳೂರನ್ನು ಆರಿಸಬೇಕು; ದಿನಾಂಕ ಹಾಗೂ ವೇಳೆಗೆ ಎಫ್ 5. ಅನೇಕರು ಅಷ್ಟಮಿಯನ್ನಾಚರಿಸಿದ 2025ರ ಆಗಸ್ಟ್ 16ರ ರಾತ್ರಿಯನ್ನು ಕೊಟ್ಟು, ಎಲ್ ಕೀಲಿಯಿಂದ ಕಾಲವನ್ನು ಓಡಿಸಿರಿ. ನಡುರಾತ್ರಿ ಕಳೆದೊಡನೆ ಪೂರ್ವಕ್ಕಿಂತ ಉತ್ತರಕ್ಕೆ ಸರಿದು ಅರ್ಧಚಂದ್ರನು ಏಳುತ್ತಾನೆ. ಸಮೀಪದಲ್ಲೇ ಕೃತ್ತಿಕೆಯ ಗೊಂಚಲು. ಕೆಂಪು ರೋಹಿಣಿಯ ಉದಯ ತರುವಾಯ. (ಉಡುಪಿಯಲ್ಲಿ ಆ ವರ್ಷ ಸೌರಮಾನದ ಸಿಂಹಮಾಸದಲ್ಲಿ, ಸೆಪ್ಟೆಂಬರ್ 14ರಂದು ಜಯಂತಿ ನಡೆಯಿತು.)

ಪರದೆಯ ಉದಯವು ಬಯಲಿನ ದಿಗಂತಕ್ಕೆ ಸೇರಿದ್ದು. ಎದುರುಮನೆಯು 10 ಡಿಗ್ರಿ ಆಕಾಶವನ್ನು ಮರೆಮಾಡಿದ್ದರೆ ಚಂದ್ರದರ್ಶನಕ್ಕೆ ಇನ್ನೂ ಸುಮಾರು ಮುಕ್ಕಾಲು ಗಂಟೆ ಬೇಕು. ಶ್ರಾವಣದ ಮೋಡದ ಮಾತು ಬೇರೆ!

ಇನ್ನೊಂದು ವಿಷಯ. ಪಂಚಾಂಗದ ರೋಹಿಣಿಯೆಂದರೆ ಒಂದು ತಾರೆಯಲ್ಲ, ಚಂದ್ರಪಥದ 13 ಡಿಗ್ರಿ 20 ಕಲೆಗಳ ಭಾಗ. ಯಂತ್ರವು ತೋರಿಸುವುದು ತಾರೆಯನ್ನು. ಆದ್ದರಿಂದ ಚಂದ್ರನು ತಾರೆಯಿಂದ ದೂರವಿದ್ದಾನೆಂದು ಪಂಚಾಂಗವನ್ನು ತಪ್ಪೆನ್ನಬಾರದು. ವ್ರತನಿರ್ಣಯಕ್ಕೆ ಅದೇ ಪ್ರಮಾಣ.