ಕುದುರೆಗಳ ಮೇವಿಗೆ ಲವಣಗಳನ್ನು ಸೇರಿಸಬೇಕೆ?

ಹುಲ್ಲು, ಹುರುಳಿ, ಬೂಸಾಗಳನ್ನು ಹೊಟ್ಟೆ ತುಂಬ ತಿನ್ನುತ್ತಿರುವ ಕುದುರೆಯೂ ಕಾಲಕ್ರಮದಲ್ಲಿ ಕುಂಟತೊಡಗುವುದುಂಟು. ಗೊರಸಿನಲ್ಲಿ ಮುಳ್ಳಿರುವುದಿಲ್ಲ, ಲಾಳದಲ್ಲಿ ದೋಷವಿರುವುದಿಲ್ಲ. ಆದರೂ ಇಂದು ಒಂದು ಕಾಲನ್ನು ಎಳೆದರೆ ನಾಳೆ ಮತ್ತೊಂದನ್ನು ಎಳೆಯುವುದು. ಬಳಿಕ ಅಗಿಯಲು ಕಷ್ಟಪಡುವುದು. ಕಡೆಗೆ ಮುಖದ ಎರಡು ಪಕ್ಕದ ಎಲುಬುಗಳೂ ಉಬ್ಬುವುವು. ಇದು ಮೇವು ಸಾಲದೆ ಬರುವ ರೋಗವಲ್ಲ. ಮೇವಿನಲ್ಲಿರುವ ಲವಣಗಳ ಪ್ರಮಾಣ ತಪ್ಪಿದುದರಿಂದ ಬರುವ ರೋಗ.

ಕುದುರೆಯ ಎಲುಬಿಗೆ ಸುಣ್ಣದ ಅಂಶವಾದ ಕ್ಯಾಲ್ಸಿಯಂ ಮತ್ತು ರಂಜಕ ಎಂಬೆರಡೂ ಬೇಕು. ಆದರೆ ಸುಣ್ಣದ ಅಂಶವು ರಂಜಕಕ್ಕಿಂತ ಹೆಚ್ಚಾಗಿರಬೇಕು. 300 ಕಿಲೋಗ್ರಾಂ ತೂಕದ, ದುಡಿಮೆಯಿಲ್ಲದ ಕುದುರೆಗೆ ದಿನಕ್ಕೆ ಸುಮಾರು 12 ಗ್ರಾಂ ಸುಣ್ಣದ ಅಂಶವೂ 8 ಗ್ರಾಂ ರಂಜಕವೂ ಅವಶ್ಯ. ಒಂದು ಕಿಲೋಗ್ರಾಂ ಗೋಧಿ ಬೂಸಾದಲ್ಲಿಯೇ ರಂಜಕವು ಸುಮಾರು 10 ಗ್ರಾಂ ಇರುವುದು. ಸುಣ್ಣದ ಅಂಶವಾದರೋ ಒಂದೂವರೆ ಗ್ರಾಮನ್ನು ಮೀರದು. ಅಕ್ಕಿಯ ತೌಡಿನ ಸ್ಥಿತಿಯೂ ಇದೇ. ಹೀಗೆ ರಂಜಕವು ಮಿತಿಮೀರಿದಾಗ ಸುಣ್ಣದ ಅಂಶವು ಕರುಳಿನಲ್ಲಿ ಸರಿಯಾಗಿ ಹೀರಲ್ಪಡುವುದಿಲ್ಲ; ರಕ್ತವು ತನಗೆ ಬೇಕಾದುದನ್ನು ಎಲುಬಿನಿಂದಲೇ ಸೆಳೆದುಕೊಳ್ಳುವುದು. ನೇಪಿಯರ್, ಗಿನಿ ಮುಂತಾದ ಹುಲ್ಲುಗಳಲ್ಲಿರುವ ಆಕ್ಸಲೇಟು ಸಹ ಸುಣ್ಣದ ಅಂಶವನ್ನು ಹಿಡಿದಿಟ್ಟು ಇದೇ ಹಾನಿಯನ್ನು ಮಾಡುವುದು.

ಇದಕ್ಕೆ ಮೊದಲ ಉಪಾಯವು ಔಷಧವಲ್ಲ, ಮೇವಿನ ತಿದ್ದುಪಡಿ. ಬೂಸಾ ತೌಡುಗಳನ್ನು ತಗ್ಗಿಸಿ ಕುದುರೆ ಮಸಾಲೆ ಸೊಪ್ಪನ್ನು ಕೊಡಬೇಕು. ಒಣಗಿದ ಒಂದು ಕಿಲೋಗ್ರಾಂ ಕುದುರೆ ಮಸಾಲೆಯಲ್ಲಿ ಸುಮಾರು 12 ಗ್ರಾಂ ಸುಣ್ಣದ ಅಂಶವಿರುವುದು. ಅದು ದೊರೆಯದಲ್ಲಿ, ಪಶುಗಳ ಮೇವಿಗೆಂದೇ ಸಿದ್ಧಪಡಿಸಿದ ಸುಣ್ಣಕಲ್ಲಿನ ನುಣುಪಾದ ಪುಡಿಯನ್ನು ದಿನಕ್ಕೆ 30 ಗ್ರಾಂನಷ್ಟು ಒದ್ದೆಮಾಡಿದ ದಾಣಿಯಲ್ಲಿ ಬೆರೆಸಬಹುದು. ಗೋಡೆಗೆ ಬಳಿಯುವ ಸುಟ್ಟ ಸುಣ್ಣವನ್ನು ಎಂದಿಗೂ ಕೊಡಬಾರದು. ಅದು ಬಾಯನ್ನೂ ಕರುಳನ್ನೂ ಸುಡುವುದು.

ಎಲ್ಲ ಕುದುರೆಗಳಿಗೂ ತಪ್ಪದೆ ಬೇಕಾದುದು ಅಡಿಗೆಯ ಉಪ್ಪು. ಹುಲ್ಲು ಕಾಳುಗಳಲ್ಲಿ ಅದು ಅತ್ಯಲ್ಪ. ಮೇಲೆ ಹೇಳಿದ ತೂಕದ ಕುದುರೆಗೆ ದಿನಕ್ಕೆ 15 ಗ್ರಾಂ ಸಾಕು. ಬೆವರುವಂತೆ ದುಡಿದ ದಿನ ಅದರ ಇಮ್ಮಡಿಯಾದರೂ ಬೇಕಾಗುವುದು. ಉಪ್ಪು ಕೊಟ್ಟಲ್ಲಿ ಶುದ್ಧವಾದ ನೀರು ಸದಾ ಬಳಿಯಲ್ಲಿರಬೇಕು.

ಹಾಲೂಡುವ ಹೆಣ್ಣು ಕುದುರೆಗೆ ಮೊದಲ ತಿಂಗಳುಗಳಲ್ಲಿ ಸುಣ್ಣದ ಅಂಶವು ಸುಮಾರು ಮೂರು ಪಟ್ಟು ಬೇಕು. ಅದರ ಹಾಲಿನಲ್ಲಿ ತಾಮ್ರವು ಕಡಿಮೆ. ಮರಿಯು ಹುಟ್ಟುವ ಮೊದಲೇ ತನ್ನ ಯಕೃತ್ತಿನಲ್ಲಿ ತಾಮ್ರವನ್ನು ಕೂಡಿಟ್ಟುಕೊಳ್ಳುವುದು. ಆದುದರಿಂದ ಗಬ್ಬದ ಕೊನೆಯ ತಿಂಗಳುಗಳಲ್ಲಿ ಕುದುರೆಗಳಿಗೆಂದೇ ತಯಾರಾದ ಲವಣ ಮಿಶ್ರಣವನ್ನು ಕೊಡುವುದು ಯುಕ್ತ.

ಹಾಗೆಂದು ಅಂಗಡಿಯ ಪುಡಿಗಳನ್ನೆಲ್ಲ ಸುರಿಯುವುದು ಲಾಭಕರವಲ್ಲ. ಸೆಲೆನಿಯಂ ಎಂಬ ಲವಣವು ದೊಡ್ಡ ಕುದುರೆಗೂ ದಿನಕ್ಕೆ ಸುಮಾರು 1 ಮಿಲಿಗ್ರಾಂ ಸಾಕು; ಬಹುವಾಗಿ ಹೆಚ್ಚಿದರೆ ಕುತ್ತಿಗೆಯ ಮತ್ತು ಬಾಲದ ಕೂದಲುದುರಿ ಗೊರಸು ಸೀಳುವುದು. ದನಗಳಿಗೂ ಕೋಳಿಗಳಿಗೂ ತಯಾರಾದ ಕೆಲವು ಮಿಶ್ರಣಗಳಲ್ಲಿ ಮೊನೆನ್ಸಿನ್ ಎಂಬ ಔಷಧವಿರುವುದು. ದನವು ತಾಳಿಕೊಳ್ಳಬಲ್ಲ ಪ್ರಮಾಣದ ಅಲ್ಪಭಾಗವೂ ಕುದುರೆಯ ಹೃದಯವನ್ನು ಕೆಡಿಸಿ ಕೊಲ್ಲಬಲ್ಲುದು. ಆದಕಾರಣ ದನದ ಮಿಶ್ರಣವನ್ನು ಕುದುರೆಯ ಬಾನಿಗೆ ಹಾಕಲೇಬಾರದು.

ಸಾರಾಂಶವಿಷ್ಟೆ: ಉಪ್ಪು ಎಲ್ಲ ಕುದುರೆಗಳಿಗೂ ಬೇಕು, ಬೂಸಾ ತೌಡುಗಳನ್ನು ತಿನ್ನುವ ಕುದುರೆಗೆ ಸುಣ್ಣದ ಅಂಶ ಬೇಕು, ಉಳಿದುವನ್ನು ಮೇವನ್ನು ನೋಡಿ ನಿರ್ಣಯಿಸಬೇಕು. ಕುಂಟುವಿಕೆಯು ಮೊದಲಲ್ಲಿಯೇ ಕಂಡರೆ ಮೇವು ತಿದ್ದಿದ ಕೆಲವು ತಿಂಗಳಲ್ಲಿ ಕುದುರೆಯು ಚೇತರಿಸಿಕೊಳ್ಳುವುದುಂಟು. ಉಬ್ಬಿದ ಮುಖವು ಮಾತ್ರ ಮೊದಲಿನಂತಾಗುವುದು ವಿರಳ. ಗ್ರಾಮದ ಮುಖಂಡರೂ ಜಮೀನುದಾರರೂ ಇದನ್ನು ಕುದುರೆ ಸಾಕುವವರಿಗೆ ತಿಳಿಯಪಡಿಸಿ, ಸಂಶಯ ಬಂದೊಡನೆ ಪಶುವೈದ್ಯರಿಗೆ ತೋರಿಸುವಂತೆ ಪ್ರೇರಿಸುವುದು ಉತ್ತಮ.